ಕರುಣರಸಕ್ಕೆ ಹೂವಿನ ಹಾರ

ನಾನು ಡಿಗ್ರಿ ಕಾಲೇಜಿನ ಕನ್ನಡ ಮೇಷ್ಟ್ರು. ನವರಸಗಳ ಪಾಠ ಶುರು ಮಾಡಿದೆನೆಂದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಒಮ್ಮೆ ಹೆಂಡತಿ ಕೇಳಿದಳು, “ಕರುಣರಸ ಕರುಣರಸ ಅಂತೀರಲ್ಲ, ಇಷ್ಟು ವರ್ಷದಲ್ಲಿ ಒಬ್ಬರನ್ನಾದ್ರೂ ಅಳಿಸಿದ್ದೀರಾ?” ಮಾತು ನಾಟಿತು. ಅಳಿಸಿಯೇ ಸಿದ್ಧ ಎಂದು ಹಟ ಹಿಡಿದೆ.

ಕೊನೆಯ ಬೆಂಚಿನ ಕಣ್ಣೀರು

ಆಗ ಶಿಡ್ಲಘಟ್ಟದಲ್ಲಿದ್ದೆ. ಮಗನನ್ನು ಕಳೆದುಕೊಂಡ ತಾಯಿಯ ಗೋಳನ್ನು ರಾಗ ಎಳೆದು ಓದುತ್ತಿದ್ದೆ. ಬೆಲ್ ಹೊಡೆದರೂ ಬಿಡಲಿಲ್ಲ. ನೋಡಿದರೆ, ಕೊನೆಯ ಬೆಂಚಿನ ಹುಡುಗಿ ಬಿಕ್ಕುತ್ತಿದ್ದಾಳೆ. ನನಗೆ ಒಳಗೊಳಗೇ ಹಿಗ್ಗು.

“ಯಾವ ಸಾಲು ತಟ್ಟಿತಮ್ಮಾ?”

“ಸಾಲಲ್ಲ ಸಾರ್. ಮನೇಲಿ ಯಾರೂ ಇಲ್ಲ, ರೇಷ್ಮೆ ಹುಳಕ್ಕೆ ನಾನೇ ಹೋಗಿ ಸೊಪ್ಪು ಹಾಕ್ಬೇಕು. ಹಸ್ಕೊಂಡಿರ್ತವೆ ಪಾಪ. ನೀವು ನೋಡಿದ್ರೆ ಬಿಡ್ತಾನೇ ಇಲ್ಲ.”

ಕರುಣರಸ ಉಕ್ಕಿದ್ದೇನೋ ನಿಜ, ಹುಳಗಳ ಮೇಲೆ.

ಸಿಟ್ಟು ಬಾರದ ಸೇನಾಪತಿ

ಚಿಕ್ಕಬಳ್ಳಾಪುರಕ್ಕೆ ವರ್ಗವಾದ ಮೇಲೆ ಪಕ್ಕದ ನಂದಿ ಊರಿನವರು ನಾಟಕ ಕಲಿಸಲು ಕರೆದರು. ಪಾಠದಿಂದ ಆಗದ್ದು ನಾಟಕದಿಂದ ಆದೀತು ಎಂದು ಒಪ್ಪಿಕೊಂಡೆ. ರಾಜಕುಮಾರನನ್ನು ಕೊಲ್ಲುವ ಸೇನಾಪತಿಯ ಪಾತ್ರ ದ್ರಾಕ್ಷಿ ಬೆಳೆಯುವ ಒಬ್ಬರದು. ಪರಮ ಸಾಧು. “ಕೊಂದುಬಿಡುತ್ತೇನೆ” ಎನ್ನುವುದನ್ನೂ ಊಟಕ್ಕೆ ಕರೆದ ಹಾಗೆ ಹೇಳುತ್ತಿದ್ದರು. ಇವರಲ್ಲಿ ರೌದ್ರ ಹುಟ್ಟದಿದ್ದರೆ ಆ ಸಾವಿಗೆ ಯಾರು ಅಳುತ್ತಾರೆ? ಹೇಳಿಸಿದೆ, ಮತ್ತೆ ಮತ್ತೆ ಹೇಳಿಸಿದೆ.

“ಸಿಟ್ಟಿಗೊಂದು ಕಾರಣ ಬೇಕಪ್ಪ, ಶಾಸ್ತ್ರದಲ್ಲಿ ಅದಕ್ಕೆ ವಿಭಾವ ಅಂತಾರೆ. ನಿಮಗೆ ಆಗದೋರನ್ನ ಮನಸ್ಸಲ್ಲಿ ಇಟ್ಕೊಳ್ಳಿ,” ಎಂದೆ.

ಕಣ್ಣು ಮುಚ್ಚಿದರು, ತೆರೆದರು, ಗುಡುಗಿದರು. ನಾನೇ ಹಿಂದೆ ಸರಿದೆ.

“ಭೇಷ್, ಯಾರನ್ನ ನೆನೆಸ್ಕೊಂಡ್ರಿ?”

“ಬೇಜಾರ್ ಮಾಡ್ಕೋಬೇಡಿ ಸಾ, ನಿಮ್ಮನ್ನೇ.”

ಹೆಣಕ್ಕೆ ಹಾರ

ನಾಟಕದ ದಿನ ರಾಜಕುಮಾರ ಸತ್ತ. ರಾಣಿ ಹೆಣದ ಮೇಲೆ ಬಿದ್ದು ಗೋಳಾಡಿದಳು. ಹೆಂಗಸರ ಕಡೆ ಒಂದೊಂದೇ ಸೆರಗು ಕಣ್ಣಿನತ್ತ ಹೊರಟಿತು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿಯೂ ಇದ್ದಳು. ಸ್ಟೇಜಿನ ಪಕ್ಕದಲ್ಲಿ ನಿಂತಿದ್ದ ನಾನು ಅವಳ ಸೆರಗನ್ನೇ ನೋಡುತ್ತಿದ್ದೆ.

ನಮ್ಮ ಕಡೆ ಪಾತ್ರಧಾರಿಗೆ ನೆಂಟರು ಹಾರ ಹಾಕುವುದು ನಾಟಕದ ನಡುವೆಯೇ. ಸರಿಯಾಗಿ ಆಗಲೇ ಪೆರೇಸಂದ್ರದಿಂದ ಬಂದಿದ್ದ ರಾಜಕುಮಾರನ ಸೋದರಮಾವ ಹಾರ ಹಿಡಿದು ಸ್ಟೇಜ್ ಹತ್ತಿದರು. ಹೆಣ ಎದ್ದು ಕೂತಿತು, ಕೊರಳೊಡ್ಡಿತು, ಮಾವನ ಕಾಲಿಗೆ ನಮಸ್ಕಾರ ಮಾಡಿತು. ರಾಣಿ ಅಳು ನಿಲ್ಲಿಸಿ ಫೋಟೋಗೆ ನಿಂತಳು. ಮಾವ ಇಳಿದ ಮೇಲೆ ಹೆಣ ಹಾರ ಸರಿಮಾಡಿಕೊಂಡು ಮತ್ತೆ ಸತ್ತಿತು. ಜನರಿಂದ ಶಿಳ್ಳೆ, ಚಪ್ಪಾಳೆ.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಸ್ಟೇಜಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ನೋಡಿ, “ಅಯ್ಯೋ ಪಾಪಂ, ಮೇಷ್ಟ್ರು ಅಳ್ತಾವ್ರಲ್ಲೇ,” ಎಂದು ಸೆರಗು ಕಣ್ಣಿಗೊತ್ತಿಕೊಂಡಳು. ಆಮೇಲೆ ಪಕ್ಕದವಳು. ಆಮೇಲೆ ಇಡೀ ಸಾಲು.

ಹೆಂಡತಿ ಎದ್ದು ಬಂದು ಕರ್ಚೀಫು ಕೊಟ್ಟಳು.

“ಅಂತೂ ಅಳಿಸಿದ್ರಿ, ಒಪ್ಕೊಂಡೆ. ಈಗ ಕಣ್ಣೊರೆಸ್ಕೊಂಡು ದಾರಿ ಬಿಡಿ. ಹೆಣಕ್ಕೆ ಇನ್ನೂ ಇಬ್ಬರು ಮಾವಂದಿರು ಕಾಯ್ತಾವ್ರೆ.”