ಅತ್ತೆಯ ಹುಲ್ಲುವೇಷ

ತಾವೇ ಎತ್ತಿ ಆಡಿಸಿದ ಮೊಮ್ಮಗಳ ಮದುವೆಗೆ ‘ದಯವಿಟ್ಟು ನನ್ನನ್ನು ಕರೆಯಬೇಡಿ’ ಎಂದು ಗೋಗರೆದ ಅಜ್ಜಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ನಮ್ಮಲ್ಲಿ ಒಬ್ಬರಿದ್ದಾರೆ! ನನ್ನ ಸೋದರತ್ತೆ, ನಮ್ಮಿಂದ ಕಾರಿನಲ್ಲಿ ಮೂರು ಗಂಟೆ ದೂರದ ಚಾಟ್ಸ್‌ವರ್ತ್‌ನಲ್ಲಿರುವ ನಿವೃತ್ತ ಅಲರ್ಜಿ ಡಾಕ್ಟರು.

ಹೋದ ವರ್ಷ ನನ್ನ ಮಗಳು ಮೆಚ್ಚಿದ ಹುಡುಗ ಐರಿಷ್ ಮನೆತನದವನು. ಅವನ ಅಜ್ಜಿ ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊದಲ್ಲಿರುವ ನಮ್ಮ ಮನೆಗೆ ಮೊದಲ ಸಲ ಬಂದಾಗ ಅತ್ತೆ ಪಕ್ಕದಲ್ಲೇ ಕೂತು, ರೋಗಿಯನ್ನು ವಿಚಾರಿಸುವ ಶ್ರದ್ಧೆಯಿಂದ ಕೇಳಿದರು: ನಿಮ್ಮ ಹಳ್ಳಿಯಲ್ಲಿ ಹಿಂದೆ ಮದುವೆ ಹೇಗಾಗುತ್ತಿತ್ತು?

ಸಂಬಂಧ ತರಲು ದಲ್ಲಾಳಿ ಇರುತ್ತಿದ್ದನಂತೆ. ಹೆಣ್ಣಿನ ಕಡೆಯವರು ಗಂಡಿನ ಹೊಲ, ಹಸು ನೋಡಿ ಬರುತ್ತಿದ್ದರಂತೆ. ಸೊಸೆ ಹೊಸಿಲು ದಾಟುವಾಗ ಗಂಡನ ತಾಯಿ ಅವಳ ತಲೆಯ ಮೇಲೆ ಓಟ್ಸ್ ರೊಟ್ಟಿ ಮುರಿಯುತ್ತಿದ್ದಳಂತೆ!

“ರೊಟ್ಟಿ ಪರವಾಗಿಲ್ಲ ಬಿಡೋ,” ಎಂದು ಅತ್ತೆ ನನ್ನತ್ತ ತಿರುಗಿದರು. “ನಮ್ಮ ಮನೆಯವರ ತಾಯಿ ನನ್ನ ತಲೆ ಮೇಲೆ ಮೆಣಸು ಅರೀತಿದ್ರು!”

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹುಲ್ಲುವೇಷದವರ ಕಥೆ. ಮುಖ ಮುಚ್ಚುವಂಥ ಹುಲ್ಲಿನ ಟೋಪಿ ತೊಟ್ಟ ಊರ ತರುಣರು ಕರೆಯದೆಯೇ ಮದುವೆಮನೆಗೆ ನುಗ್ಗಿ, ಮದುಮಗಳೊಡನೆ ಕುಣಿದು, ಹರಸಿ ಹೋಗುತ್ತಿದ್ದರಂತೆ.

ಮರುದಿನವೇ ಅತ್ತೆಯ ಫೋನ್: “ನನ್ನ ಹೆಸರು ಲಿಸ್ಟಿಂದ ತೆಗೆಯೋ. ಕರೆದುಬಿಟ್ಟರೆ ವೇಷ ಕೆಡುತ್ತೆ!”

“ಅಜ್ಜಿ, ಪ್ಲೀಸ್, ನೋ!” ಎಂದು ಮಗಳು ಕಿರುಚಿದಳು. ಬೀಗರೆದುರು ಮಾನ ಹೋದೀತೆಂದು ನಾನೂ ಬೇಡಿಕೊಂಡೆ. ಕೇಳಿದರೆ ತಾನೆ! ಮೂವತ್ತು ವರ್ಷ ರೋಗಿಗಳಿಗೆ ‘ಹುಲ್ಲಿನಿಂದ ದೂರ ಇರಿ’ ಎಂದು ಬುದ್ಧಿ ಹೇಳಿದವರು, ಕುದುರೆ ಮೇವಿನ ಅಂಗಡಿಯಿಂದ ಎರಡು ಕಟ್ಟು ಒಣಹುಲ್ಲು ತಂದು ಹೆಣೆಯಲು ಕೂತರು.

ಮದುವೆಯ ಸಂಜೆ ಊಟದ ನಡುವೆ ಹಾಲ್‌ನ ಬಾಗಿಲು ತೆರೆಯಿತು. ಒಂದು ಹುಲ್ಲಿನ ಬಣವೆ ಒಳಬಂದು ಮೂರು ಸಲ ಸೀನಿತು! ಬಣವೆ ಮಗಳ ಕೈಹಿಡಿದು ಕೋಲಾಟದ ಹೆಜ್ಜೆ ಹಾಕಿತು. ಮಗಳು ಸಿಟ್ಟು ಮರೆತು, ನಗುತ್ತಲೇ ಕುಣಿದಳು.

ಆಗ ಹುಡುಗನ ಅಜ್ಜಿ ವಾಕರ್ ಬಿಟ್ಟು ಎದ್ದು ನಿಂತರು. ಕೈಯನ್ನು ಬಣವೆಯತ್ತ ಚಾಚಿದರು.

“ನನ್ನ ಮದುವೆ ಈ ಸ್ಯಾನ್ ಡಿಯಾಗೊದಲ್ಲೇ ಆಯ್ತು, ಒಂದು ಆಫೀಸಿನಲ್ಲಿ. ಬಂದವರು ಇಬ್ಬರೇ ಸಾಕ್ಷಿಗಳು. ನಾನು ಬಾಗಿಲನ್ನೇ ನೋಡ್ತಿದ್ದೆ. ನೀವು ಅರವತ್ತು ವರ್ಷ ತಡ ಮಾಡಿದಿರಿ.”

ಹುಲ್ಲಿನೊಳಗಿಂದ ಅತ್ತೆಯ ದನಿ ಬಂತು: “ಸಾರಿ ರೀ. ಫ್ರೀವೇನಲ್ಲಿ ತುಂಬಾ ಟ್ರಾಫಿಕ್.”

ಇಬ್ಬರೂ ಮೆಲ್ಲಗೆ, ನಿಂತಲ್ಲೇ ಎನ್ನುವಷ್ಟು ಮೆಲ್ಲಗೆ, ಕುಣಿದರು. ಆ ಅಜ್ಜಿಯ ಕೆನ್ನೆ ಹುಲ್ಲಿಗೆ ಒರಗಿತ್ತು. ಕಣ್ಣುಗಳು ಮುಚ್ಚಿದ್ದವು.

ಬೀಗರು ಕಣ್ಣೊರೆಸಿಕೊಳ್ಳುತ್ತಾ, “ಯಾರವರು?” ಎಂದರು.

ಸಭೆಗೆಲ್ಲ ಕೇಳುವಂತೆ ಹೇಳಿದೆ: “ನನ್ನ ಅತ್ತೆ!”