ಇಸ್ತ್ರಿ ಅಂಗಿ, ಕೆಂಪು ಎಕ್ಸ್‌ಪ್ರೆಸ್ಸು

ಯತೀಶ ಹೇಳಿದ್ದು ಒಂದೇ ಸುಳ್ಳು: "ಮೈಸೂರಲ್ಲಿ ಗೊಬ್ಬರದ ಕಂಪನಿ ಮೀಟಿಂಗು."

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಮೀಸೆ ಬಂದ ಗಂಡಸು, ರೈಲಿನ ಫೋಟೋ ತೆಗೆಯಲು ಹೋಗುತ್ತೇನೆಂದು ಯಾವ ಬಾಯಲ್ಲಿ ಹೇಳಿಯಾನು? ಅವನ ಕೋಟೆ ತಾಲ್ಲೂಕಿನಲ್ಲಿ ರೈಲೇ ಇಲ್ಲ. ಅದಕ್ಕೇ ಅವನಿಗೆ ರೈಲೆಂದರೆ ಪ್ರಾಣ. ಆವತ್ತು ಕೆ.ಆರ್. ನಗರದ ಮೇಲೆ ಹೋಗುವ ಎಕ್ಸ್‌ಪ್ರೆಸ್ಸು ಹಳೇ ನೀಲಿ ಬೋಗಿ ಬಿಟ್ಟು ಮೊದಲ ಸಲ ಕೆಂಪು ಬೋಗಿಗಳಲ್ಲಿ ಬರುವುದಿತ್ತು. ಇಸ್ತ್ರಿ ಅಂಗಿ ತೊಟ್ಟು, ಪೌಡರ್ ಹಾಕಿಕೊಂಡು ಹೊರಟ.

ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಗುರುಸ್ವಾಮಿ ಹಿಡಿದ.

"ಮೈಸೂರು ಅಂದ್ಯಲ್ಲಾ! ಇದು ಕೆ.ಆರ್. ನಗರದ ಬಸ್ಸು ಕಣಪ್ಪಾ."

"ಅಲ್ಲೊಬ್ರನ್ನ ನೋಡ್ಬೇಕು ಕಣಣ್ಣ," ಎಂದು ತಡವರಿಸಿದ ಯತೀಶ.

ಗುರುಸ್ವಾಮಿ ಇಸ್ತ್ರಿ ನೋಡಿದ, ಪೌಡರ್ ನೋಡಿದ. ಅದೇ ಬಸ್ಸಿನ ಹಿಂದಿನ ಸೀಟು ಹಿಡಿದು ಯತೀಶನ ಹೆಂಡತಿ ಸ್ಪಂದನಾಗೆ ಫೋನು ಹಚ್ಚಿದ. ಅವಳು ಕೆ.ಆರ್. ನಗರದ ಹತ್ತಿರವೇ, ಚುಂಚನಕಟ್ಟೆಯ ತವರಿನಲ್ಲಿದ್ದಳು. ಸಂಜೆ ಅವಳ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹುಡುಗ ಸೆಂಟ್ರಲ್ ಗೌರ್ಮೆಂಟ್ ನೌಕರಿಯವನಂತೆ.

ಕೆ.ಆರ್. ನಗರದಾಚೆ, ಹಳಿಯ ಪಕ್ಕದ ಗದ್ದೆಯ ಕೆಸರಿನಲ್ಲಿ ಯತೀಶ ಬೋರಲು ಮಲಗಿ ಮೊಬೈಲು ಹಿಡಿದಿದ್ದ. ದೂರದಲ್ಲಿ ಕೆಂಪು ಕಂಡಿತು.

"ಯಾವಳ್ಲಾ ಅವ್ಳು?" ಗುರುಸ್ವಾಮಿ ಕಾಲರು ಹಿಡಿದೆಳೆದ. ಹಿಂದೆ ಆಟೋದಿಂದ ಇಳಿದ ಸ್ಪಂದನಾ, ಕಳೆ ಕೀಳುವುದು ಬಿಟ್ಟು ಬಂದ ಹೆಂಗಸರು.

"ರೈಲಿನ ಫೋಟೋ ತೆಗೀತಿದ್ದೆ ಕಣಣ್ಣೋ!"

"ಯಾರ್ ಕಿವಿಗ್ಲಾ ಊವ ಇಡ್ತೀಯ?" ಎಂದು ಗುರುಸ್ವಾಮಿ ಆ 'ಅವಳನ್ನು' ಹುಡುಕಲು ಪಕ್ಕದ ಕಬ್ಬಿನ ಗದ್ದೆಗೆ ನುಗ್ಗಿದ. ಅಷ್ಟರಲ್ಲಿ ಎಕ್ಸ್‌ಪ್ರೆಸ್ಸು ಧಡಧಡ ಹೋಗಿಯೇಬಿಟ್ಟಿತು. ಮೊಬೈಲಿನಲ್ಲಿ ಸಿಕ್ಕಿದ್ದು ಗುರುಸ್ವಾಮಿಯ ಮೊಣಕಾಲು.

ಸ್ಪಂದನಾ ಮೊಬೈಲು ಕಿತ್ತುಕೊಂಡಳು. ತಳ್ಳಿದಷ್ಟೂ ರೈಲು. ನೀಲಿಯದು, ಕೆಂಪಿನದು, ಹಸಿರಿನದು. ಬೇರೆ ಹೆಂಗಸಿರಲಿ, ಹೆಂಡತಿಯ ಫೋಟೋ ಕೂಡ ಇಲ್ಲ. ಅವಳ ಮುಖ ಸಣ್ಣಗಾಯಿತು.

ಹೆಂಗಸಿನ ಸುದ್ದಿ ಆಗಲೇ ಮಾವನ ಕಿವಿ ಮುಟ್ಟಿತ್ತು. ಯತೀಶನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. "ನಾಚ್ಕೆ ಆಯ್ತದೆ ಕಣೇ. ಮಾವಂಗೆ ನಿಜ ಏಳ್ಬುಡ್ತೀನಿ."

"ಬಾಯ್ಮುಚ್ಚಿ! ದೊಡ್ಡಳಿಯಂಗೆ ರೈಲಿನ ಉಚ್ಚು ಅಂದ್ರೆ ನನ್ ತಂಗೀನ ಯಾರ್ ಮಾಡ್ಕೊಂಡಾರು? ಎಂಗ್ಸಿನ ಇಚಾರ ಅಂದ್ರೆ ನಿಮ್ಮೊಬ್ರ ಮಾನ ಓಗ್ತದೆ, ಅಷ್ಟೇ ತಾನೆ. ಎಂಗ್ಸು ಅಂತ್ಲೇ ಒಪ್ಕೊಳಿ."

ಮಧ್ಯಾಹ್ನ ಮಾವ ಷಣ್ಮುಖಪ್ಪನವರ ನಡುಮನೆಯಲ್ಲಿ, ಮಾದಪ್ಪನ ಪಟದ ಮುಂದೆ ಯತೀಶ ತಲೆ ತಗ್ಗಿಸಿ ನಿಂತ. "ತಪ್ಪಾಯ್ತು ಮಾವ. ಇನ್ ಅವಳ ಸಾವಾಸಕ್ಕೆ ಓಗಲ್ಲ. ಕೆ.ಆರ್. ನಗರದ ಕಡೆ ತಲೆ ಆಕಿನೂ ಮಲಗಲ್ಲ." ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿದ. ಇನ್ನು ಜನ್ಮದಲ್ಲಿ ರೈಲಿಲ್ಲ ಎಂದು ಅವನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಅದನ್ನು ಪಶ್ಚಾತ್ತಾಪ ಅಂದುಕೊಂಡರು.

ಸಂಜೆ ಗಂಡು ಬಂದ. ಹೆಸರು ಶಶಿ. ಕೆಲಸ, ರೈಲು ಓಡಿಸುವುದು.

"ಬೆಳಿಗ್ಗೆ ಹೊಸ ಕೆಂಪು ಬೋಗಿಗಳನ್ನ ನಾನೇ ತಂದಿದ್ದು," ಎಂದ ಶಶಿ ಕಾಫಿ ಹೀರುತ್ತ. "ಯಾರೋ ಒಬ್ರು ಪಾಪ, ಕೆಸರಲ್ಲಿ ಮಲಗಿ ಫೋಟೋ ತೆಗೀತಿದ್ರು. ಸಂಬಂಧ ಬೆಳೆಸಿದ್ರೆ ಅಂಥೋರ ಮನೇಲಿ ಬೆಳೆಸ್ಬೇಕು ಅನ್ನಿಸ್ತು ಕಣ್ರೀ."

ಯತೀಶ ಧಡಕ್ಕನೆ ಎದ್ದ. "ಅದು ನಾನೇ!"

"ಲೇ, ಇವ್ರ ಮುಂದೂ ಸುಳ್ಳಾ?" ಆಣೆಗೆ ಸಾಕ್ಷಿಯಾಗಿ ಬಂದು ಅಲ್ಲೇ ಉಳಿದಿದ್ದ ಗುರುಸ್ವಾಮಿ ಮೂಲೆಯಿಂದ ಗದರಿದ. "ಆ ಎಂಗ್ಸಿನ ಇಸ್ಯಕ್ಕೆ ಕರ್ಪೂರ ಆರ್ಸಿದ್ ಬೊಬ್ಬೆ ಇನ್ನೂ ಅಂಗೈಲೈತೆ, ತೋರ್ಸ್ಲಾ!"

ಗಂಡಿನವರು ಕಾಫಿ ಲೋಟ ಕೆಳಗಿಟ್ಟರು.