ಬೆತ್ತದಕ್ಕನ ಚಿತ್ರಕ್ಕೆ ಬೆತ್ತದಕ್ಕನೇ ಅಡ್ಡಿಯಾದ ಬಗ್ಗೆ

ನ್ಯಾಯಯುತ ಹಾಗೂ ಹಸಿರು ನಗರ ಆರ್ಥಿಕತೆ ಇಲಾಖೆ
ಸಂಖ್ಯೆ: ನ್ಯಾಹ/ಮೆಟ್ಟಿಲು/ತೂತು/04

ಪರಿಷ್ಕೃತ ಸುತ್ತೋಲೆ

ವಿಷಯ: ಮೆಟ್ಟಿಲ ಕೆಳಗಿನ ಜಾಗದ ತೆರವು ಹಾಗೂ ತದನಂತರ ಎಲ್ಲರೂ ನಿಂತುಕೊಂಡಿರುವ ಕುರಿತು.

ಉಲ್ಲೇಖ: ನಿರ್ದೇಶಕರು ಕುರ್ಚಿಯೊಳಗೆ ಇಳಿದ ಬಗ್ಗೆ ಜವಾನರ ಮೌಖಿಕ ವರದಿ.

ಇಲಾಖೆಯ ಮೆಟ್ಟಿಲ ಕೆಳಗೆ ಇಪ್ಪತ್ತೆರಡು ವರ್ಷಗಳಿಂದ ಕೂತು ಹರಿದ ಕುರ್ಚಿಗಳಿಗೆ ಬೆತ್ತ ಹೆಣೆದು ಕೊಡುತ್ತಿರುವ, ಬೆತ್ತದಕ್ಕ ಎಂದೇ ಹೆಸರಾದ ಮಹಿಳೆಯನ್ನು ‘ಎಸೆಯದ ನಗರ, ಎಲ್ಲರ ನಗರ’ ಅಭಿಯಾನದ ಮುಖವಾಗಿ ಆರಿಸಿ, ಅವರ ಆಳೆತ್ತರದ ಚಿತ್ರ ಮಾಡಿಸಲಾಗಿದೆ. ಅದನ್ನು ನಿಲ್ಲಿಸಲು ಮೆಟ್ಟಿಲ ಕೆಳಗಿನ ಜಾಗವೇ ತಕ್ಕುದೆಂದು ಸಮಿತಿಯು ಕಂಡುಕೊಂಡಿದ್ದು, ಸದರಿ ಜಾಗದಲ್ಲಿ ಸದರಿ ಮಹಿಳೆಯೇ ಕೂತಿರುವುದು ಅಡ್ಡಿಯಾಗಿತ್ತು. ಆದ್ದರಿಂದ:

1. ಸೋಮವಾರ ಅವರನ್ನು ತೆರವುಗೊಳಿಸಲಾಯಿತು. ಅವರನ್ನು ಕಾಣಬಯಸುವವರು ಚಿತ್ರವನ್ನು ಕಾಣತಕ್ಕದ್ದು.

2. ಎದುರು ರಸ್ತೆಯ ಬಿಸಿಲಲ್ಲಿ ನಿಂತು ಅವರು ನೀಡಿದ ಹೇಳಿಕೆ ಹೀಗಿದೆ: “ನನ್ನ ಚಿತ್ರಕ್ಕೆ ನೆರಳು, ನನಗೆ ಬಿಸಿಲು! ಇದ್ಯಾವ ಸೀಮೆ ನ್ಯಾಯ ಸ್ವಾಮಿ? ಬೆತ್ತ ಒಣಗಿದ್ರೆ ಲಟಕ್ ಅಂತ ಮುರಿಯುತ್ತೆ, ಆಮೇಲೆ ನನ್ನ ಹೊಟ್ಟೆಪಾಡೇನು? ಆ ಚಿತ್ರ ಬಂದು ಹೆಣೆಯುತ್ತಾ?” ಕೊನೆಯ ಪ್ರಶ್ನೆಯನ್ನು ಪರಿಶೀಲನೆಗೆ ಎತ್ತಿಕೊಳ್ಳಲಾಗಿದೆ.

3. ತೆರವಿನ ಆದೇಶಕ್ಕೆ ಸಹಿ ಹಾಕಿ ಹಿಂದಕ್ಕೆ ಒರಗಿದೊಡನೆ ನಿರ್ದೇಶಕರ ಕುರ್ಚಿಯ ಬೆತ್ತ ಹರಿದು, ಮಾನ್ಯರು ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಒಳಗೆ ಇಳಿದರು. ಇಬ್ಬರು ಚಾಲಕರು ಸೇರಿ ಅವರನ್ನು ಹೊರತೆಗೆದಿರುತ್ತಾರೆ. ನಕ್ಕವರು ಲಿಖಿತ ವಿವರಣೆ ನೀಡತಕ್ಕದ್ದು. ಬಾಗಿಲ ಹಿಂದೆ ಹೋಗಿ ನಕ್ಕವರೂ ಸಹ.

4. ರಿಪೇರಿಯಾಗುವ ವಸ್ತುವಿನ ಬದಲಿಗೆ ಹೊಸದನ್ನು ತರುವುದು ಇಲಾಖೆಯದೇ ನಿಯಮಕ್ಕೆ ವಿರುದ್ಧ. ಕೆಲಸದ ಜಾಗವಿಲ್ಲದವರಿಂದ ರಿಪೇರಿ ಮಾಡಿಸುವುದೂ ವಿರುದ್ಧ. ಆದ ಕಾರಣ ಕುರ್ಚಿಯನ್ನು ಮೂರು ದಿನ ಚಿತ್ರದ ಮುಂದೆ ಇಡಲಾಯಿತು. ಚಿತ್ರದ ಕಡೆಯಿಂದ ಯಾವುದೇ ಪ್ರಗತಿ ಕಂಡುಬಂದಿಲ್ಲ.

5. ನಿರ್ದೇಶಕರು ನಿಂತು ಸಿಬ್ಬಂದಿ ಕೂತಿರುವುದು ಅಸಮಾನತೆಯಾದ್ದರಿಂದ ಎಲ್ಲರೂ ನಿಲ್ಲತಕ್ಕದ್ದು. ಗೋಡೆಗೆ ಒರಗುವುದು ಸರದಿ ಪ್ರಕಾರ, ತಲಾ ಐದು ನಿಮಿಷ. ಒರಗಿದಲ್ಲೇ ಗೊರಕೆ ಹೊಡೆದವರ ಐದು ನಿಮಿಷವನ್ನು ಮುಂದಿನವರಿಗೆ ವರ್ಗಾಯಿಸಲಾಗುವುದು.

6. ನಾಲ್ಕನೇ ದಿನ ನಿರ್ದೇಶಕರ ಮಂಡಿ ಲಟಲಟ ಎನ್ನತೊಡಗಿದ್ದು, ಸಭೆಯಲ್ಲಿ ಎಲ್ಲರಿಗೂ ಕೇಳಿಸಿರುತ್ತದೆ. ಆದರೂ ಒಮ್ಮೆ ಹೊರಡಿಸಿದ ಆದೇಶವನ್ನು ಹಿಂಪಡೆಯುವ ಪದ್ಧತಿ ಇಲಾಖೆಯಲ್ಲಿಲ್ಲ. ಹಾಗಾಗಿ ಚಿತ್ರವನ್ನು ನೀರಿನ ಪಂಪಿನ ಕೋಣೆಗೆ ಸಾಗಿಸಿ, ಅದರ ಜಾಗದಲ್ಲಿ ಬೆತ್ತದಕ್ಕನನ್ನು ಚಿತ್ರವೆಂದು ಸ್ಥಾಪಿಸಲು ಈ ಮೂಲಕ ಆದೇಶಿಸಲಾಗಿದೆ. ಸದರಿ ಚಿತ್ರವು ಕೈ ಆಡಿಸಿದರೆ, ಬೆತ್ತ ನೆನೆಹಾಕಿದರೆ, ಎದ್ದು ಊಟಕ್ಕೆ ಹೋದರೆ ಯಾರೂ ಆಕ್ಷೇಪಿಸತಕ್ಕದ್ದಲ್ಲ. ಇನ್ನು ಮುಂದೆ ಅದನ್ನು ಯಾರೂ ಅಲ್ಲಿಂದ ಕದಲಿಸತಕ್ಕದ್ದಲ್ಲ.

7. ಸ್ಥಾಪನೆಯಾದ ಕೂಡಲೇ ಚಿತ್ರವು ಹೀಗೆ ತಿಳಿಸಿರುತ್ತದೆ: “ಬಿಸಿಲಲ್ಲಿ ನಿಂತಿದ್ದಾಗ ಐದು ಕುರ್ಚಿ ಒಪ್ಕೊಂಡಿದ್ದೀನಿ. ಮೊದಲು ಬಂದೋರಿಗೆ ಮೊದಲು, ಅದೇ ನ್ಯಾಯ. ನಿಮ್ಮದು ಆರನೇದು ಸ್ವಾಮಿ, ಅಲ್ಲೀವರೆಗೆ ನಿಂತಿರಿ.” ಸದರಿ ನ್ಯಾಯವು ಇಲಾಖೆಯ ಧ್ಯೇಯಕ್ಕೆ ಅನುಗುಣವಾಗಿರುವುದನ್ನು ವಿಷಾದದಿಂದ ಗಮನಿಸಲಾಗಿದೆ.

ಸಹಿ/-
ನಿರ್ದೇಶಕರು
(ನಿಂತುಕೊಂಡೇ ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ಸಿಬ್ಬಂದಿಗೆ, ನಿಂತು ಓದುವ ಸಲುವಾಗಿ.
2. ಕುರ್ಚಿ ರಿಪೇರಿಯ ಸರದಿಯಲ್ಲಿ ಐದನೆಯವರಾದ ಕ್ಷೌರದಂಗಡಿಯವರಿಗೆ, ದೊಡ್ಡ ಮನಸ್ಸು ಮಾಡಿ ಸರದಿ ಬಿಟ್ಟುಕೊಡುವಂತೆ ಕೋರಿ.
3. ಕ್ಷೌರದಂಗಡಿಯವರಿಗೆ, ‘ಆಗಲ್ಲ’ ಎಂಬ ಅವರ ಉತ್ತರ ತಲುಪಿದ ಬಗ್ಗೆ ಸ್ವೀಕೃತಿ.
4. ಚಿತ್ರಕ್ಕೆ, ಮೆಟ್ಟಿಲ ಕೆಳಗೆ. ತೂತುಬಿದ್ದ ಕುರ್ಚಿ ಲಗತ್ತಿಸಿದೆ.